ಧನ್ಯವಾದ ಹೇಳುವ ಕೆಲಸ

ಟಿಣ್ ಎಂದಿತು ಫೋನು. ಒಳಗಿನ ಕೋಣೆಯಲ್ಲಿ ಹಲ್ಲು ಕೊರೆಯುವ ಯಂತ್ರ ಕಿರ್ರೆನ್ನುತ್ತಲೇ ಇತ್ತು. ಆ ಗದ್ದಲದಲ್ಲೂ ಮೇಜಿನ ಖಾನೆಯೊಳಗಿಂದ ಬಂದ ಪುಟ್ಟ ಸದ್ದು ಅವಳ ಕಿವಿ ತಪ್ಪಲಿಲ್ಲ. ತಂಗಿಯ ಚುನಾವಣೆಗೆ ಯಾರೋ ಹಣ ಕಳಿಸಿದ್ದಾರೆ ಎಂದು ಅದರ ಅರ್ಥ. ಖಾನೆಯನ್ನು ಎರಡು ಬೆರಳಗಲ ಎಳೆದು ಹೆಸರು ನೋಡಿಕೊಂಡು ಮತ್ತೆ ಮುಚ್ಚಿದಳು.

ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದ ಹೆಂಗಸು ಸೊಟ್ಟ ಬಾಯಲ್ಲೇ ಕೇಳಿದಳು. "ಮತ್ತೊಂದು ಬಂತಾ?"

"ಬಂತು. ನೀವು ಮಾತಾಡ್ಬೇಡಿ, ಇಂಜೆಕ್ಷನ್ ಆಗಿದೆ. ನಾಲಿಗೆ ಕಚ್ಕೊಂಡೀರಿ."

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಈ ಮೇಜು ಅವಳದಾಗಿ ಎಷ್ಟೋ ವರ್ಷ. ಬಂದವರನ್ನು ಕೂರಿಸುವುದು, ಹೆದರಿದವರಿಗೆ ಧೈರ್ಯ ಹೇಳುವುದು, ಬಿಲ್ಲು ಬರೆಯುವುದು ಅವಳ ಕೆಲಸ. ಸಂಜೆಯಾದರೆ ಮರುದಿನದ ರೋಗಿಗಳಿಗೆಲ್ಲ ಫೋನು ಮಾಡಿ "ನಾಳೆ ಬರ್ತೀರಲ್ಲ?" ಎಂದು ಕೇಳಬೇಕು. ಹಾಗೆ ಕೇಳಿ ಕೇಳಿಯೇ ಅವಳಿಗೆ ನಾಳೆಯಕ್ಕ ಎಂದು ಹೆಸರು ಬಿದ್ದದ್ದು. ನಿಜವಾದ ಹೆಸರು ಕರೆದರೆ ಈಗ ಅವಳೇ ಒಂದು ಕ್ಷಣ ತಡೆದು ತಿರುಗುತ್ತಾಳೆ. ಎದುರು ಸಾಲಿನ ಬೀಗದ ಕೈ ಮಾಡುವವನಂತೂ ಅವಳ ದನಿ ಕೇಳಿದೊಡನೆ ದವಡೆ ಹಿಡಿದುಕೊಳ್ಳುತ್ತಾನೆ. "ನಿಮ್ಮ ಮಾತು ಕಿವಿಗೆ ಬಿದ್ರೆ ಸಾಕು, ಮಲಗಿದ್ದ ಹಲ್ಲೂ ಎದ್ದು ಕೂರುತ್ತೆ ಅಕ್ಕಾ!"

ಅನುಮಾನ ಅವಳ ರಕ್ತದಲ್ಲೇ ಇತ್ತು. ಹಾಲನ್ನು ಕಾಯಿಸುವ ಮುಂಚೆ ಒಮ್ಮೆ, ಕಾಯಿಸಿದ ಮೇಲೆ ಒಮ್ಮೆ ಮೂಸುವಳು. ಪಕ್ಕದ ಮನೆಯವರು ಸುಮ್ಮನೆ ಏನಾದರೂ ತಂದುಕೊಟ್ಟರೆ, ಯಾಕೆ ಕೊಟ್ಟರು ಎಂದು ತಲೆ ಕೆಡಿಸಿಕೊಳ್ಳುವಳು. ಮನೆಯ ಬೀಗ ಜಗ್ಗಿ ನೋಡಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುವಳು. ಲಿಫ್ಟ್ ರಿಪೇರಿಯ ಅವಳ ಗಂಡ ನೆಂಟರ ಮುಂದೆ ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ. "ಇವಳು ಕನ್ನಡಿ ನೋಡಿದ್ರೂ ಮೊದಲು ‘ಯಾರಮ್ಮ ನೀನು, ಏನಾಗ್ಬೇಕಿತ್ತು?’ ಅಂತ ಕೇಳ್ತಾಳೆ."

ಈ ಜರಡಿಗೆ ಸಿಗದೆ ಉಳಿದವಳು ತಂಗಿ ಒಬ್ಬಳೇ. ಅಮ್ಮನಿಗೆ ಕಾರ್ಖಾನೆಯ ಪಾಳಿ ಕೆಲಸ. ಹಾಗಾಗಿ ತಂಗಿಯ ತಲೆ ಬಾಚಿದ್ದು, ಬಿದ್ದಾಗ ಮಂಡಿಗೆ ಮುಲಾಮು ಹಚ್ಚಿದ್ದು, ಸೈಕಲ್ಲಿನ ಹಿಂಭಾಗ ಹಿಡಿದು ಏದುಸಿರು ಬಿಡುತ್ತ ಓಡಿದ್ದು ಎಲ್ಲ ಅಕ್ಕನೇ. ಆ ಹುಡುಗಿ ಬೆಳೆದು ಕಾರು ಕಲಿಸುವ ಸ್ಕೂಲು ತೆರೆದಳು. ಬಡಾವಣೆಯ ಅರ್ಧ ಹೆಂಗಸರು ಅವಳ ಪಕ್ಕದಲ್ಲಿ ಕೂತೇ ಗೇರು ಹಾಕಲು ಕಲಿತವರು. ಈಗ ಅವಳು ನಗರಸಭೆಯ ಚುನಾವಣೆಗೆ ನಿಂತಿದ್ದಳು. ಪಕ್ಷವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ.

ನಿಂತದ್ದು ರಸ್ತೆಯ ಕಾರಣಕ್ಕೆ. ಕ್ಲಿನಿಕ್ಕಿನ ಮುಂದಿನ ರಸ್ತೆಯಲ್ಲಿ ಬಸ್ಸು ತಿರುಗಲಾರದು, ಅಗಲ ಮಾಡಲೇಬೇಕು. ಬಲಗಡೆ ಡಾಕ್ಟರದ್ದು ಸೇರಿ ಗಾಜಿನ ಮುಖದ ದೊಡ್ಡ ಕಟ್ಟಡಗಳು. ಎಡಗಡೆ ಗಡಿಯಾರ ರಿಪೇರಿ, ಬೀಗದ ಕೈ, ಚೀಲ ಹೊಲಿಗೆ, ಹೀಗೆ ಕೈಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಅಂಗಡಿಗಳು. ಯಾವುದಾದರೂ ಒಂದು ಬದಿ ಒಡೆಯಬೇಕು. "ಗೆದ್ದ ಮಾರನೇ ದಿನ ನಕ್ಷೆಯನ್ನ ರಸ್ತೆಯಲ್ಲೇ ಹಾಸ್ತೀನಿ, ಎರಡೂ ಕಡೆಯೋರು ಕೂತು ತೀರ್ಮಾನ ಮಾಡಿ. ಅಲ್ಲೀವರೆಗೂ ದೊಡ್ಡವರ ಗಂಟು ನಂಗೆ ಬೇಡ, ನಿಮ್ಮ ಪುಡಿಗಾಸು ಸಾಕು" ಎಂದು ತಂಗಿ ವಿಡಿಯೋ ಮಾಡಿ ಹಾಕಿದಳು. ಅದರ ಕೆಳಗೇ ಹಣ ಕಳಿಸುವ ಗುಂಡಿ. ಒತ್ತಿದವರ ಹೆಸರು ಎಲ್ಲರಿಗೂ ಕಾಣುವ ಹಾಗೆ ಪುಟದ ಮೇಲೆ ಮೂಡುತ್ತಿತ್ತು.

"ಅಕ್ಕಾ, ಕೊಟ್ಟೋರಿಗೆಲ್ಲ ನೀನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕು. ನಿನ್ನ ದನಿ ಅಂದ್ರೆ ಜನ ನಂಬ್ತಾರೆ" ಎಂದಿದ್ದಳು ತಂಗಿ.

ಹಾಗೆ ಸಂಜೆಯ ಕರೆಗಳ ಬೆನ್ನಿಗೆ ಇನ್ನೊಂದು ಸುತ್ತಿನ ಕರೆಗಳು ಸೇರಿಕೊಂಡವು. ಮೊದಮೊದಲು ಅವಳಿಗೆ ಹಬ್ಬವಾಗಿತ್ತು. ಬೀಗದ ಕೈಯವನು ಮಾತ್ರ "ನಾನಾ? ನಾನ್ಯಾಕೆ ಕೊಡ್ಲಿ? ರಾಂಗ್ ನಂಬರ್!" ಎಂದು ಕಿರುಚಿ ಇಟ್ಟುಬಿಟ್ಟ. ಸ್ವಲ್ಪ ಹೊತ್ತಿಗೆ ಅವನೇ ಪಿಸುದನಿಯಲ್ಲಿ ಕರೆ ಮಾಡಿದ. "ತಪ್ಪು ತಿಳೀಬೇಡಿ ಅಕ್ಕಾ, ಆ ಕಡೆ ಕ್ಯಾಂಡಿಡೇಟಿನ ಬಾಮೈದ ಎದುರಿಗೇ ಕೂತಿದ್ದ. ನನ್ನ ಹೆಸರನ್ನ ಅಷ್ಟು ದಪ್ಪಕ್ಷರದಲ್ಲಿ ಹಾಕ್ಬೇಕಿತ್ತಾ?"

ಆ ದಿನ ಅವಳು ತುಂಬ ನಕ್ಕಳು. ನಗು ನಿಂತದ್ದು ಗಡಿಯಾರ ರಿಪೇರಿಯವನಿಗೆ ಕರೆ ಮಾಡಿದಾಗ.

"ನೀವು ಕಳಿಸಿದ ಹಣ ಬಂತು, ತುಂಬ ಧನ್ಯವಾದ" ಎಂದಳು.

ಆ ಕಡೆಯಿಂದ ಅವನು, "ಹೂಂ... ಅದೇನು ದೊಡ್ಡ ಮಾತು. ಎಲ್ಲಾ ನಿಮ್ದೇ ಅಲ್ವಾ" ಎಂದ.

ಎಲ್ಲಾ ನಿಮ್ದೇ ಅಂದರೆ? ಕರೆ ಮುಗಿದ ಮೇಲೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕೂತುಬಿಟ್ಟಿತು. ಆ ಮನುಷ್ಯ ಎಂಥವನೆಂದು ಅವಳಿಗೆ ಗೊತ್ತಿತ್ತು. ಹಗಲು ಹೊತ್ತು ದೀಪ ಹಾಕಬೇಕಾಗುತ್ತದೆಂದು ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೆಲಸ ಮಾಡುವವನು. ಹಲ್ಲುನೋವಿದ್ದರೂ ಒಂದು ವರ್ಷ ಲವಂಗ ಕಚ್ಚಿ ಕಾಲ ತಳ್ಳಿದವನು. ಅಂಥವನ ಕೈ ಇಷ್ಟು ಉದಾರವಾದದ್ದು ಯಾವಾಗ?

ರಾತ್ರಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಹೇಳಿಕೊಂಡಳು.

"ಕೊಡದಿದ್ರೆ ಜಿಪುಣ ಅಂತೀಯ, ಕೊಟ್ರೆ ಕಳ್ಳ ಅಂತೀಯ. ಪಾಪ, ಮನುಷ್ಯ ಎಲ್ಲಿಗೆ ಹೋಗಬೇಕು?" ಎಂದ ಅವನು.

"ಕಳ್ಳ ಅಂದ್ನಾ ನಾನು?"

"ಮುಖ ಅಂದಿತು."

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ರಸ್ತೆ ದಾಟಿ ಹೋದಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಹೆಂಗಸರ ಗಡಿಯಾರದ ಹೊಟ್ಟೆ ಬಗೆದಿದ್ದ. ಅವಳನ್ನು ಕಂಡು ಸ್ಟೂಲಿನ ಮೇಲಿನ ಧೂಳು ಒರೆಸಿದ. ಅವಳು ಕೂರದೆ ನೇರ ಕೇಳಿದಳು. "ಆ ದುಡ್ಡು ನಿಮ್ಮದೇನಾ?"

ಅವನು ಭೂತಗನ್ನಡಿ ತೆಗೆದ. ಒಂದು ಕಣ್ಣಿನ ಸುತ್ತ ಕೆಂಪು ಉಂಗುರ ಬಿದ್ದಿತ್ತು. "ನನ್ನದೇ, ಅಂದ್ರೆ... ಡಾಕ್ಟರಿಗೆ ಕೊಡಬೇಕಾಗಿದ್ದ ಹಲ್ಲಿನ ಫೀಸು. ಅವರೇ ಹೇಳಿದ್ರಲ್ಲ, ನಂಗೆ ಬೇಡ, ಆ ಹುಡುಗಿಯ ಪುಟಕ್ಕೆ ನಿನ್ನ ಹೆಸರಲ್ಲೇ ಹಾಕ್ಬಿಡು, ಅಂತ. ಚೀಲದವನಿಗೂ ಹಾಗೇ ಹೇಳಿದ್ರು, ಅವನ ಹೆಂಡತಿಗೂ."

"ಡಾಕ್ಟರು?"

"ನಿಮಗೆ ಗೊತ್ತಿಲ್ವಾ? ನಾವೆಲ್ಲ ನಿಮ್ಮದೇ ಏರ್ಪಾಡು ಅಂದ್ಕೊಂಡಿದೀವಿ! ನಂಗೂ ಒಂದು ಗಳಿಗೆ ಹೌದೋ ಅಲ್ವೋ ಅನ್ನಿಸ್ತು ಅನ್ನಿ. ಆಮೇಲೆ ನಿಮ್ಮ ಫೋನ್ ಬಂತು. ನಾಳೆಯಕ್ಕನೇ ಥ್ಯಾಂಕ್ಸ್ ಹೇಳಿದ್ರು ಅಂದ್ಮೇಲೆ ಎಲ್ಲ ಸರಿಯಾಗೇ ಇರ್ಬೇಕು ಅಂತ ಸುಮ್ಮನಾದೆ."

ಅವಳು ಈಗ ಸ್ಟೂಲಿನ ಮೇಲೆ ಕೂತಳು. ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿದ್ದವು. ಅವನು ಸಣ್ಣ ಬ್ರಷ್ಷಿನಿಂದ ಹಲ್ಲುಚಕ್ರವೊಂದನ್ನು ಉಜ್ಜುತ್ತ, "ನಿಮ್ಮ ತಂಗಿ ಗೆದ್ರೆ ನಕ್ಷೆ ಎಲ್ಲರೆದುರು ಬಿಚ್ತಾಳೆ. ಅಷ್ಟಾದ್ರೆ ಸಾಕು ನಮಗೆ. ಈ ಗೂಡು ಹೋದ್ರೆ ಈ ವಯಸ್ಸಲ್ಲಿ ನಾನು ಎಲ್ಲಿ ಹೋಗಿ ಅಂಗಡಿ ಇಡ್ಲಿ?" ಎಂದ.

ಕ್ಲಿನಿಕ್ಕಿಗೆ ಮರಳಿ ಬಂದವಳು ಆ ದಿನ ಕಣ್ಣು ಬಿಟ್ಟು ಕೂತಳು. ಹತ್ತಿಯ ಉಂಡೆಯನ್ನೂ ಎರಡಾಗಿ ಹರಿದು ಬಳಸುವ ಡಾಕ್ಟರು ಕೆಲವು ದಿನಗಳಿಂದ ಆಗಾಗ ರೋಗಿಯ ಹೆಗಲು ತಟ್ಟುತ್ತ ಹೊರಗೆ ಬಂದು "ಇವರದ್ದು ಆಯ್ತು, ಬಿಲ್ ಬೇಡ" ಎನ್ನುತ್ತಿದ್ದರು. ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದು ಅವಳು ಅಂದುಕೊಂಡಿದ್ದಳು. ಜಗತ್ತಿನ ಮೇಲೆಲ್ಲ ಅನುಮಾನಪಟ್ಟು, ಮೂಗಿನ ಕೆಳಗೆ ನಡೆದದ್ದನ್ನೇ ಬಿಟ್ಟಿದ್ದಳಲ್ಲ!

ಮೂರನೆಯ ರೋಗಿ ಎಡಗಡೆ ಸಾಲಿನ ಕೊಡೆ ರಿಪೇರಿಯವನು. ಡಾಕ್ಟರು ಅವನೊಡನೆ ಬಾಗಿಲವರೆಗೂ ಬಂದರು. "ಇವರದ್ದು ಆಯ್ತು, ಬಿಲ್ ಬೇಡ." ಕೊಡೆಯವನು ಹೊಸ್ತಿಲಲ್ಲೇ ನಿಂತು, ಮರಗಟ್ಟಿದ ತುಟಿಯನ್ನು ಒಂದು ಕೈಯಲ್ಲಿ ಒರೆಸಿಕೊಳ್ಳುತ್ತ ಇನ್ನೊಂದು ಕೈಯ ಹೆಬ್ಬೆರಳಿನಿಂದ ಫೋನು ಒತ್ತಿದ. ಖಾನೆಯೊಳಗೆ ಟಿಣ್ ಎಂದಿತು.

ಅವನು ಹೋದ ಮೇಲೆ ಅವಳು ಒಳಗೆ ಹೋದಳು. ಡಾಕ್ಟರು ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು.

"ಏನಿದು ಡಾಕ್ಟರೇ?"

"ಯಾವುದಮ್ಮ? ಓ, ಅದಾ? ನಿನ್ನ ತಂಗಿ, ಅಂದ್ರೆ ನನ್ನ ಮನೆಯೋಳ ಹಾಗೆ. ನನ್ನ ಹೆಸರಲ್ಲೇ ಕೊಟ್ರೆ ಬಲಗಡೆಯೋನು ಕೊಟ್ಟ ಅಂತ ಜನ ಕತೆ ಕಟ್ತಾರೆ. ಯಾಕೆ ಬೇಕು?"

"ಅದಕ್ಕೆ ಎಡಗಡೆಯೋರ ಹೆಸರಲ್ಲಿ ಕೊಡಿಸಿದ್ರಾ?"

"ಹಲ್ಲು ಯಾವ ಕಡೇದು ಅಂತ ನಾನು ನೋಡೋದಿಲ್ಲಮ್ಮ" ಎಂದು ನಕ್ಕರು. ಅವಳು ನಗಲಿಲ್ಲ.

"ತಂಗಿಗೆ ಗೊತ್ತಾ?"

ಅವರು ನಲ್ಲಿ ನಿಲ್ಲಿಸಿ, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. "ಅವಳನ್ನೇ ಕೇಳು."

ಆ ಸಂಜೆ ಅವಳು ಯಾರಿಗೂ ಕರೆ ಮಾಡಲಿಲ್ಲ. ತಂಗಿಯ ಸ್ಕೂಲಿನ ಕಡೆ ನಡೆಯುತ್ತ ದಾರಿಯುದ್ದಕ್ಕೂ ಒಂದೇ ಸಮ ಬೇಡಿಕೊಂಡಳು. ಇಲ್ಲ ಅನ್ನಲಿ, ಗೊತ್ತೇ ಇಲ್ಲ ಅನ್ನಲಿ. ನನ್ನ ಮೇಲೆ ರೇಗಲಿ, ಹೇಗೆ ಅನುಮಾನ ಬಂತು ನಿನಗೆ ಎಂದು ಬಾಯಿಗೆ ಬಂದ ಹಾಗೆ ಬೈಯಲಿ.

ತಂಗಿ ಒಬ್ಬಳೇ ಇದ್ದಳು. ಗೋಡೆಯ ಮೇಲೆ ಸಂಚಾರದ ಗುರುತುಗಳ ಚಿತ್ರ, ನೆಲದ ಮೇಲೆ ಕರಪತ್ರಗಳ ಕಟ್ಟು. ವಿಡಿಯೋ ಮಾಡಲು ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅದನ್ನು ಕಂಡು ಅಕ್ಕನಿಗೆ ಕೇಳದೆ ಹಿಂದಿರುಗಿಬಿಡಲೇ ಅನ್ನಿಸಿತು. ಆದರೂ ಕೇಳಿದಳು.

"ಡಾಕ್ಟರ ದುಡ್ಡು ಬೇರೆಯೋರ ಹೆಸರಲ್ಲಿ ಬರ್ತಿದೆ ಅಂತ ಗಡಿಯಾರದೋನು ಹೇಳಿದ. ನಿಂಗೆ ಗೊತ್ತಾ?"

ತಂಗಿ ಫೋನಿನಿಂದ ಕಣ್ಣು ತೆಗೆಯಲಿಲ್ಲ. "‘ನನ್ನ ರೋಗಿಗಳಿಗೆಲ್ಲ ನಿನ್ನ ವಿಷಯ ಹೇಳ್ತೀನಿ’ ಅಂದಿದ್ರು. ಹೇಳಿ ಅಂದೆ. ಆಮೇಲೆ ನಾನು ಕೇಳೋಕೆ ಹೋಗ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಬೇಡ ಅನ್ನಬೇಕಾಗಿತ್ತು ಅಕ್ಕಾ!" ತಂಗಿ ಈಗ ತಿರುಗಿದಳು. "ಕರಪತ್ರಕ್ಕೆ ಎಲ್ಲಿಂದ ತರ್ಲಿ? ಆಟೋದ ಮೈಕಿಗೆ? ಮೊದಲನೇ ವಾರ ಆ ಪುಟ ಹೇಗಿತ್ತು ಗೊತ್ತಾ? ನೀನು, ಭಾವ, ನನ್ನ ಹತ್ರ ಕಾರು ಕಲಿತ ನಾಲ್ಕು ಜನ. ಖಾಲಿ ಪುಟ ನೋಡಿ ಯಾರಾದ್ರೂ ಕೊಡ್ತಾರಾ? ಹೆಸರು ತುಂಬಿದ ಮೇಲೇ ನಿಜವಾದೋರು ಬಂದಿದ್ದು."

"ಡಾಕ್ಟರು ರಸ್ತೆ ವಿಷಯ ಏನಾದ್ರೂ ಮಾತಾಡಿದ್ರಾ?"

"ಏನಿಲ್ಲ. ಹಾಗೇ ಸುಮ್ಮನೆ."

"ಏನು ಸುಮ್ಮನೆ?"

"ಹೋದ ವಾರ ಬಂದಿದ್ರು, ಟೀ ಕುಡಿದು ಹೋದ್ರು. ನೋಡಕ್ಕಾ, ಯಾವ್ದೋ ಒಂದು ಕಡೆ ಹೇಗೂ ಒಡೀಲೇಬೇಕಲ್ವಾ? ಎಡಗಡೆಯೋರೆಲ್ಲ ಬಾಡಿಗೆಗೆ ಇರೋರು. ಅವರಿಗೆ ಮಾರ್ಕೆಟ್ಟಿನ ಹಿಂದೆ ಜಾಗ ಕೊಡಿಸ್ತೀನಿ. ಶೆಡ್ಡು, ನೀರು, ಕರೆಂಟು. ನಾನೇ ನಿಂತು ಮಾಡಿಸ್ತೀನಿ. ಈಗಿರೋದಕ್ಕಿಂತ ಚೆನ್ನಾಗೇ ಇರ್ತಾರೆ."

ಶೆಡ್ಡಿನ ತನಕ ಯೋಚನೆ ಹೋಗಿಬಿಟ್ಟಿದೆ. ರಸ್ತೆಯಲ್ಲಿ ಹಾಸಬೇಕಾಗಿದ್ದ ನಕ್ಷೆ ಯಾರೂ ಇಲ್ಲದ ಈ ಕೋಣೆಯಲ್ಲಿ, ಒಂದು ಲೋಟ ಟೀ ತಣ್ಣಗಾಗುವುದರೊಳಗೆ ಹಾಸಿ ಮಡಚಿಯಾಗಿದೆ. ಅದಕ್ಕೆ ಬೇಕಾದ ಹಣವನ್ನು ಆ ಅಂಗಡಿಯವರ ಹೆಬ್ಬೆರಳಿನಿಂದಲೇ ಒತ್ತಿಸಲಾಗಿದೆ. ಅವರು ಹಿಂದೆ ಮುಂದೆ ನೋಡಿದಾಗ, ಎಲ್ಲ ಸರಿಯಾಗಿದೆ ಎಂದು ಫೋನು ಮಾಡಿ ನಂಬಿಸಿದ ದನಿ ಯಾರದು?

"ನೀನು ಹಾಗೆ ನೋಡ್ಬೇಡ" ಎಂದಳು ತಂಗಿ. ದನಿ ಮೆತ್ತಗಾಗಿತ್ತು. "ನಾನು ಒಳ್ಳೇದಕ್ಕೇ ನಿಂತಿದ್ದು ಅಂತ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೆಲ್ಲೋಕೆ ಇನ್ನು ಸ್ವಲ್ಪವೇ ಇದೆ. ನೀನು ಆ ಗಡಿಯಾರದೋನಿಗೆ ಇನ್ನೊಂದು ಸಲ ಫೋನ್ ಮಾಡಿ ಸಮಾಧಾನ ಹೇಳ್ಬಿಡು, ಸಾಕು. ನೀನು ಹೇಳಿದ್ರೆ ಕೇಳ್ತಾನೆ."

ಅಕ್ಕ ಬಗ್ಗಿ ಚಪ್ಪಲಿಗೆ ಕಾಲು ತೂರಿಸಿದಳು.

"ಎಲ್ಲಿಗೆ? ಅಕ್ಕಾ, ಕೂತ್ಕೋ. ನಾನಿನ್ನೂ ಮುಗಿಸಿಲ್ಲ. ಆ ಶೆಡ್ಡಿನ ಜಾಗ ಒಂದ್ಸಲ ನೋಡು ನೀನು, ನಿಂಗೇ ಇಷ್ಟ ಆಗುತ್ತೆ, ಎಷ್ಟು ಅಗಲ ಅಂದ್ರೆ..."

ಅವಳು ಮೆಟ್ಟಿಲಿಳಿದಳು. ಬೀದಿದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಅಂಗಡಿಗಳು ಇನ್ನೂ ಮುಚ್ಚಿರಲಾರವು, ಬೇಗ ನಡೆದರೆ ಎಲ್ಲರೂ ಸಿಗುತ್ತಾರೆ. ಹಿಂದಿನಿಂದ ತಂಗಿ ಬಾಗಿಲಿಗೆ ಬಂದು, "ಅವರಿಗೇನೂ ಹೇಳ್ಬೇಡ ಅಕ್ಕಾ, ನಾನೇ ಬಂದು ನಿಧಾನವಾಗಿ ಎಲ್ಲಾ..." ಎನ್ನುತ್ತಿದ್ದಂತೆಯೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುವು ದಾಟಿದಳು.