ಹರಿಣಿಯ ಮೌನವ್ರತ

ಹರಿಣಿ ಕಥೆ ಬರೆಯುತ್ತಾಳೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು, ಅದಕ್ಕೆ ತಕ್ಕ ಮರ್ಯಾದೆಯೂ ಇತ್ತು. ಎಂಥ ಮರ್ಯಾದೆ ಅಂದರೆ, ಅವಳು ಪೆನ್ನು ಹಿಡಿದಾಗ ಯಾರೂ ದೂರದಿಂದ ಕೂಗುತ್ತಿರಲಿಲ್ಲ, ಹತ್ತಿರ ಬಂದೇ ಕೇಳುತ್ತಿದ್ದರು.

ಗಂಡ ಇಂದುಶೇಖರ ದೇಶದ ರಾಜಧಾನಿಯಲ್ಲಿ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರು. "ನೀನು ಬರಿ, ನಾನು ಡಿಸ್ಟರ್ಬ್ ಮಾಡಲ್ಲ. ಟವೆಲ್ ಎಲ್ಲಿದೆ ಅಷ್ಟು ಹೇಳು" ಅನ್ನುವನು. ಕಾಲೇಜು ಓದುವ ಮಗಳು ಕೃತಿ "ಅಮ್ಮಾ, ಬಸ್ ದೋ ಮಿನಿಟ್, ಎರಡೇ ನಿಮಿಷ" ಅಂತ ಬಂದು ಗೆಳತಿಯರ ಜಗಳವನ್ನೆಲ್ಲ ಮೊದಲಿಂದ ಹೇಳುವಳು. ಅತ್ತೆ ಲೀಲಮ್ಮ ಮಾತ್ರ ಏನೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೇ.

ದೀಪಾವಳಿ ಕಥಾಸ್ಪರ್ಧೆಗೆ ಶನಿವಾರ ಸಂಜೆಯೇ ಕಡೆ. ಕಥೆಯ ನಾಯಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಿಂಗಳಾಗಿತ್ತು, ಪಾಪ, ಅವಳನ್ನು ಬಸ್ಸು ಹತ್ತಿಸಲು ಹರಿಣಿಗೆ ಪುರುಸೊತ್ತಿಲ್ಲ.

ಆಗ ಅವಳಿಗೆ ಅಜ್ಜಿ ನೆನಪಾದಳು. ಅಜ್ಜಿ ಮಡಿ ಉಟ್ಟರೆ ಯಮನೂ ಹೊಸ್ತಿಲಾಚೆ ಕಾಯಬೇಕಿತ್ತು! ಮಾರನೇ ಬೆಳಿಗ್ಗೆಯೇ ಹರಿಣಿ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, "ಮೌನವ್ರತ ಹಿಡಿದಿದ್ದೀನಿ. ಮುಟ್ಟಬೇಡಿ, ಮಾತಾಡಿಸಬೇಡಿ" ಅಂತ ದೇವರ ಕೋಣೆ ಸೇರಿದಳು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ದೇವರ ಕೋಣೆ ಅಂದರೆ ಸ್ಟೋರ್ ರೂಮೇ. ಅಕ್ಕಿ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದಳು.

ದೇವರ ಮಹಿಮೆ ನೋಡಿ. ಟವೆಲ್ ತಾನಾಗಿ ಸಿಕ್ಕಿತು. ಇಂದುಶೇಖರ ಕುಕ್ಕರ್ ಇಟ್ಟ. ತರಕಾರಿ ಮಾರುವ ಸಬ್ಜಿ ಭಯ್ಯಾ ಕೂಗಿದರೆ ಕೃತಿಯೇ ಕೆಳಗಿಳಿದು ಹೋದಳು. ಲೀಲಮ್ಮನ ನಿಟ್ಟುಸಿರೂ ಬಾಗಿಲಾಚೆ ಉಳಿಯಿತು.

ಇಷ್ಟು ಪುಣ್ಯವನ್ನು ಮನೆಯೊಳಗೆ ಇಟ್ಟುಕೊಳ್ಳೋದುಂಟೇ? ಇಂದುಶೇಖರ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದ: 'ನಮ್ಮನೆಯಲ್ಲಿ ಮೌನವ್ರತ ನಡೀತಿದೆ.'

ಶನಿವಾರ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಎದುರು ಬ್ಲಾಕಿನ ಶಾಂತಮ್ಮ ಹೂವು ಹಣ್ಣು ಹಿಡಿದು, ಹಿಂದೆ ಒಂದು ಹಿಂಡು ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದರು.

"ಹರಿಣಿ, ನಿನ್ನ ಪಕ್ಕದಲ್ಲೇ ಕೂತು ಪಾರಾಯಣ ಮಾಡ್ತೀವಿ ಕಣಮ್ಮ. ಸಂಜೆ ಮಂಗಳಾರತಿ ಆಗೋವರೆಗೂ ಏಳಲ್ಲ. ನೀನು ಮಾತಾಡಲೇಬೇಡ!"

ಒಳಗೆ ಹರಿಣಿಗೆ ಇನ್ನೂ ಎರಡು ಪುಟ ಬಾಕಿ. ಬಾಗಿಲು ತೆಗೆದಳು.

"ಇದು ವ್ರತ ಅಲ್ಲ ಶಾಂತಮ್ಮನೋರೇ, ಕಥೆ ಬರೀತಿದ್ದೀನಿ. ಸಂಜೆಯೊಳಗೆ ಕಳಿಸಬೇಕು."

ಶಾಂತಮ್ಮ ಚಾಚಿದ್ದ ಹೂವನ್ನು ಹಿಂದಕ್ಕೆಳೆದುಕೊಂಡರು. "ಕಥೇನಾ? ಅದಕ್ಕೆ ಮಡಿ ಯಾಕಮ್ಮ?"

"ಮೈಲಿಗೇಲಿ ಕೂತ್ರೆ ಎಬ್ಬಿಸ್ತಾರೆ."

ಇಂದುಶೇಖರನಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ, ಬರೀ ಕಥೇನಾ! ಮೊದಲೇ ಹೇಳಬಾರದಾ? ಹಾಗಾದ್ರೆ ಬಾ, ಇವರಿಗೆಲ್ಲ ಒಂದೊಂದು ಲೋಟ ಕಾಫಿ ಮಾಡಿಬಿಡು."

"ಡಿಕಾಕ್ಷನ್ ಇದೆ. ಹಾಲು ನೀವೇ ಕಾಯಿಸಿ" ಅಂದವಳೇ ಹರಿಣಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಈ ಸಲ ಯಾವ ದೇವರ ಹೆಸರೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಇಂದುಶೇಖರನ ದನಿ ಮೆಲ್ಲನೆ ಬಂತು. "ಹರಿಣೀ, ಸಕ್ಕರೆ ಎಲ್ಲಿ?"

ಉತ್ತರ ಕೊಟ್ಟದ್ದು ಲೀಲಮ್ಮ. "ಹುಡುಕ್ಕೋ. ನಾನು ನಿನ್ನನ್ನ ಕಣ್ಣು ಸಮೇತಾನೇ ಹೆತ್ತಿದ್ದು."