ಪರದೆ ಗಾಡಿಯೊಳಗಿನ ಕೂಗು

ಕಾನ್ವೆಂಟಿನ ಸಿಸ್ಟರುಗಳ ಶಾಲೆಗೆ ನಮ್ಮನ್ನು ಒಯ್ಯುತ್ತಿದ್ದ ಎತ್ತಿನ ಗಾಡಿಗೆ ಸುತ್ತಲೂ ದಪ್ಪ ನೀಲಿ ಪರದೆ ಕಟ್ಟಿರುತ್ತಿತ್ತು. ಒಳಗೆ ಆರು ಹುಡುಗಿಯರು ಎದುರುಬದುರು ಕೂರಬೇಕು. ಗಾಡಿಯ ಹಿಂದೆ ನಡೆದು ಬರುತ್ತಿದ್ದ ಮುದುಕಿ ಆಯಾ ಮೊದಲ ದಿನವೇ ನನಗೆ ಹೇಳಿದ್ದಳು: "ನೋಡವ್ವಾ, ಪರ್ದಾ ಮಾರಿಗಷ್ಟೇ ಅಲ್ಲ, ದನಿಗೂ ಅದ. ಓಣ್ಯಾಗ ಹೋಗೂಮುಂದ ನಿಮ್ಮ ಆವಾಜ ಹೊರಗ ಕೇಳಬಾರದು." ಅದು ನಿಜಾಮರ ಕಾಲ. ಸರಕಾರಿ ಅಧಿಕಾರಿಗಳ ಮನೆಯ ರಿವಾಜೇ ಗಾಡಿಗೂ ರಿವಾಜು. ನಮ್ಮಂಥ ಲಿಂಗಾಯತರ ಹುಡುಗಿಯರೂ ಅದಕ್ಕೆ ಹೊಂದಿಕೊಂಡು ಕೂರುತ್ತಿದ್ದೆವು.

ನನಗಾಗ ಒಂಬತ್ತು ವರ್ಷ. ಅಪ್ಪ ನಮ್ಮೂರು ಕಮಲಾಪುರದಿಂದ ಪಟ್ಟಣಕ್ಕೆ ಕರೆತಂದು ಶಹಾಬಜಾರದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಹೆಣ್ಣುಮಗುವಿಗೆ ಇಂಗ್ಲಿಷು ಯಾಕೆಂದು ಅವ್ವನಿಗೆ ಸಿಟ್ಟು. ಹೊರಡುವ ದಿನ ಬಾಗಿಲಿಗೆ ಅಡ್ಡ ನಿಂತು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು: "ಕೂಸು ಅಲ್ಲಿ ಒಂದ ಸಲ ಅತ್ತಳಂದ್ರೂ ಕರಕೊಂಡ ಬರಬೇಕ್ರಿ."

ನನಗೋ ಶಾಲೆ ಬಹಳ ಹಿಡಿಸಿಬಿಟ್ಟಿತ್ತು. ಸಿಸ್ಟರಿನ ಮರದ ಪೆಟ್ಟಿಗೆಯಲ್ಲಿ ಬಣ್ಣದ ದಾರದುಂಡೆಗಳು ಸಾಲಾಗಿ ಮಲಗಿರುತ್ತಿದ್ದವು. ಮಸಿಯ ದೌತಿಗೆ ಒಂದು ಹುಳಿ ವಾಸನೆ. ಇವನ್ನೆಲ್ಲ ಬಿಟ್ಟುಹೋಗಬಾರದೆಂದರೆ ಅಳಲೇಬಾರದು ಎಂದು ತೀರ್ಮಾನಿಸಿಕೊಂಡಿದ್ದೆ.

ಗಾಡಿಯಲ್ಲಿ ನನ್ನೆದುರು ಕೂರುತ್ತಿದ್ದವಳು ಒಬ್ಬ ಅಧಿಕಾರಿಯ ಮಗಳು, ಹದಿಮೂರು ವರ್ಷದವಳು. ಅವಳು ನಕ್ಕರೆ ಅಕ್ಕಪಕ್ಕದ ಇಬ್ಬರೂ ನಗಬೇಕು. "ಏ ರೊಟ್ಟಿ, ನಿಮ್ಮ ಕಮಲಾಪುರದಾಗ ಎಮ್ಮಿಗೂ ಎಬಿಸಿಡಿ ಕಲಸ್ತಾರೇನು?" ಎಂದು ಪಿಸುಗುಡುತ್ತಿದ್ದಳು. ಮಾತನ್ನು ನಾನು ನುಂಗಬಲ್ಲವಳಾಗಿದ್ದೆ. ಆದರೆ ಹೊಲಿಗೆಯ ತರಗತಿ ಶುರುವಾದ ಮೇಲೆ ಅವಳ ಕೈಗೆ ಸೂಜಿ ಬಂತು. ಗಾಲಿ ದಾರಿಯ ಕುಣಿಗೆ ಇಳಿದು ಎಲ್ಲರೂ ಓಲಾಡುವ ಹೊತ್ತಿಗೆ ಸರಿಯಾಗಿ ನನ್ನ ತೊಡೆಗೆ ಚುಚ್ಚುತ್ತಿದ್ದಳು. ಮುಖ ಮಾತ್ರ ಬೇರೆ ಕಡೆಗೆ. ಚೀರಿದರೆ ದನಿ ಪರದೆ ದಾಟುತ್ತದೆ, ಮನೆಯಲ್ಲಿ ಹೇಳಿದರೆ ಅಳು ಬರುತ್ತದೆ. ತುಟಿ ಕಚ್ಚಿ ಕೂರುತ್ತಿದ್ದೆ.

ಮೈಗೆ ನೀರೆರೆಯುವಾಗ ಅತ್ತೆ ತೊಡೆಯ ಕೆಂಪು ಚುಕ್ಕೆಗಳನ್ನು ಕಂಡರು. "ಅಯ್ಯಯ್ಯ, ಗಾಡಿ ಗಾದಿಯಾಗ ತಿಗಣಿ ಆಗ್ಯಾವ!" ಎಂದವರೇ ಗಾಡಿಯವನನ್ನು ಬಾಗಿಲಿಗೆ ಕರೆಸಿದರು. ಪಾಪ, ಅವನು ಮೂರು ದಿನ ಗಾದಿಯನ್ನು ಬಿಸಿಲಿಗೆ ಹಾಕಿ, ಹಲಗೆಗೆ ಕುದಿನೀರು ಹೊಯ್ದ. ಒಂದು ತಿಗಣೆಯೂ ಸಿಗಲಿಲ್ಲ.

ದಸರೆಯ ಸೂಟಿ ಮುಗಿದ ಮೇಲೆ ಗಾಡಿಗೆ ಹೊಸಬಳೊಬ್ಬಳು ಬಂದಳು. ರೋಜಾ ಓಣಿಯ ಮುಸಲ್ಮಾನರ ಮನೆಯವಳು, ಹದಿನೈದು ವರ್ಷ, ಆಗಲೇ ಮದುವೆಯಾದವಳು. ಹೈದರಾಬಾದಿನಲ್ಲಿ ಓದುತ್ತಿದ್ದ ಗಂಡನಿಗೆ ಇಂಗ್ಲಿಷು ಬಲ್ಲ ಹೆಂಡತಿ ಬೇಕಿತ್ತು. ಅವಳ ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸೊಸೆಯ ಬಗ್ಗೆ ಹೊರಗೆ ಒಂದು ಮಾತೂ ಹುಟ್ಟಬಾರದು. ಅಷ್ಟು ದೊಡ್ಡವಳು ನಮ್ಮ ಚಿಕ್ಕವರ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ಬಡಿಸಿಕೊಳ್ಳುತ್ತ ಕೂರುತ್ತಿದ್ದಳು. ಎದುರಿನವರು ಅವಳಿಗೆ "ದುಲ್ಹನ್", ಮದುಮಗಳು, ಎಂದು ಹೆಸರಿಟ್ಟರು.

ಉರ್ದುವನ್ನು ನೀರು ಕುಡಿದಂತೆ ಓದುವವಳು ಇಂಗ್ಲಿಷಿನ ಬಿ ಯಾವುದು, ಡಿ ಯಾವುದು ಎಂದು ತಡವರಿಸುತ್ತಿದ್ದಳು. ನಾನು ಅದನ್ನು ತಿದ್ದಿದರೆ ಅವಳು ನನಗೆ ಅಲಿಫ್ ಬೇ ತಿದ್ದುತ್ತಿದ್ದಳು. ಮಧ್ಯಾಹ್ನ ಬೇವಿನ ಮರದಡಿ ಬುತ್ತಿ ಬಿಚ್ಚಿದಾಗ ತಾನಾಗಿ ಒಂದು ಮೊಳ ಆಚೆ ಸರಿಯುತ್ತಿದ್ದಳು. "ನಿಮ್ಮ ಮಂದಿ ನಾವು ಮುಟ್ಟಿದ್ದು ತಿನ್ನಂಗಿಲ್ಲ, ಗೊತ್ತದ ನನಗ." ನಾನು ಹುರಿದ ಶೇಂಗಾವನ್ನು ಮೇಲಿನಿಂದ ಅವಳ ಬೊಗಸೆಗೆ ಸುರಿಯುತ್ತಿದ್ದೆ. ನಮ್ಮಿಬ್ಬರ ಗೆಳೆತನ ಆ ಒಂದು ಮೊಳದ ಆಚೀಚೆ ಬೆಳೆಯಿತು.

ಒಂದು ದಿನ ಗಾಡಿ ಓಲಾಡಿದಾಗ ಅವಳು ಸೂಜಿಯನ್ನು ಕಂಡಳು. ಮಧ್ಯಾಹ್ನ ಕೇಳಿದಳು: "ಎಷ್ಟು ದಿನ ಆತು?"

"ಎರಡು ತಿಂಗಳ."

"ಕೈಕು? ಯಾಕ ಚೀರಲಿಲ್ಲ?"

"ಚೀರಿದ್ರ ಸಾಲಿ ಬಿಡಸ್ತಾರ."

ಅವಳು ಶೇಂಗಾದ ಸಿಪ್ಪೆಯನ್ನು ಊದುತ್ತ ಯೋಚಿಸಿದಳು. "ನಾ ಚೀರಿದ್ರ ನನಗೂ ಬಿಡಸ್ತಾರ. ಮತ್ತ ಇಬ್ರೂ ಕೂಡಿ ಚೀರಿದ್ರ? ಯಾರ ಆವಾಜ ಅಂತ ಯಾರಿಗಿ ತಿಳೀತದ?"

ತೊಡಕೆಂದರೆ ಅವಳಿಗೆ ಚೀರಲು ಬರುತ್ತಿರಲಿಲ್ಲ. "ಹುಟ್ಟಿದಾಗ ಅತ್ತಿದ್ದೇ ಕಡೀದು," ಎಂದಳು. ನಾನಾದರೋ ಕಮಲಾಪುರದ ಹೊಲದಲ್ಲಿ ಅಟ್ಟಣಿಗೆ ಹತ್ತಿ, ಜೋಳದ ತೆನೆಗೆ ಬರುವ ಗಿಳಿ ಓಡಿಸಿದವಳು. ಶಾಲೆಯ ಅಡುಗೆಮನೆಯ ಹಿಂದೆ ನಿಲ್ಲಿಸಿ ಕಲಿಸಿದೆ. "ಬಾಯಿಲಿಂದ ಅಲ್ಲಕ್ಕಾ, ಹೊಟ್ಟಿಲಿಂದ ತಗೀಬೇಕು." ಅವಳು ಕಣ್ಣು ಮುಚ್ಚಿ "ಹೋ" ಎಂದಳು. ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಏಳಲಿಲ್ಲ. ಮೂರನೆಯ ದಿನ ಅದು ಒಂದು ಕಣ್ಣು ತೆರೆಯಿತು. ಹೊಟ್ಟೆ ಹಿಡಿದು ನಕ್ಕೆವು.

ಅದರ ಮರುದಿನ ಶಹಾಬಜಾರದ ಬಳೆ ಅಂಗಡಿಗಳ ಹತ್ತಿರ ಗಾಲಿ ಕುಣಿಗೆ ಇಳಿಯಿತು, ಸೂಜಿ ಬಂತು. ಗೆಳತಿ ನನ್ನ ಕೈ ಹಿಡಿದಳು. "ಹೋ... ಹೋ... ಹಾ!" ಎಂದು ಗಿಳಿಹಿಂಡಿಗೆ ಕೂಗಿದಂತೆಯೇ ಕೂಗಿದೆ. ಎತ್ತು ನಿಂತವು. ಬಳೆಗಾರರು ಅಂಗಡಿಯಿಂದ ಹೊರಬಂದರು. ಆಯಾ ಓಡಿಬಂದು ಪರದೆ ಸರಿಸಿದಾಗ ಸೂಜಿ ಇನ್ನೂ ಆ ಹುಡುಗಿಯ ಬೆರಳಲ್ಲೇ ಇತ್ತು.

"ಗಾಡ್ಯಾಗ ಏನ್ ಹೊಲೀಲಾಕತ್ತೀರಿ, ಬೇಟಿ?" ಎಂದಳು ಆಯಾ.

ಹುಡುಗಿಯ ಮುಖ ಬಿಳಿಚಿಹೋಯಿತು. ಅಷ್ಟು ಚಿಕ್ಕವಳಂತೆ ಅವಳು ನನಗೆ ಎಂದೂ ಕಂಡಿರಲಿಲ್ಲ. ಶಾಲೆ ಮುಟ್ಟಿದ ಮೇಲೆ ಸಿಸ್ಟರು ಆಯಾಳ ಮಾತು ಕೇಳಿ ಸೂಜಿಯನ್ನು ಕಸಿದುಕೊಂಡರು. ಅವಳ ಜಾಗ ಇನ್ನು ಮುಂದೆ ಗಾಡಿಯ ಬಾಲದಲ್ಲಿ, ಆಯಾಳ ಕಣ್ಣಿನ ಕೆಳಗೆ ಎಂದರು.

ಸಂಜೆಯೊಳಗೆ ಬಜಾರಿಗೆಲ್ಲ ಸುದ್ದಿ. ಗೆಳತಿಯ ಅತ್ತೆ ಆಯಾಳನ್ನು ಕರೆಸಿ, ಚೀರಿದವರು ಯಾರೆಂದು ಕೇಳಿದರು. "ಖುದಾ ಕಸಮ್ ಬೇಗಂಸಾಬ, ನಿಮ್ಮ ಸೊಸಿ ಅಲ್ಲ. ಕೇಳಿದ್ದು ಒಂದೇ ದನಿ. ಅದು ಹೊಲದಾಗ ಹಕ್ಕಿ ಓಡಸೋ ದನಿ," ಎಂದಳಂತೆ ಆಯಾ. ಗೆಳತಿ ಉಳಿದುಕೊಂಡಳು. ನಾನು ಸಿಕ್ಕಿಬಿದ್ದೆ. ನನ್ನ ಅತ್ತೆ ಕಮಲಾಪುರಕ್ಕೆ ಹೇಳಿಕಳಿಸಿದರು.

ರವಿವಾರ ಅಪ್ಪ ಬಂದರು. ತಂದಿದ್ದ ಕೆಂಪು ಬಾಳೆಯ ಚಿಪ್ಪನ್ನು ಗೋಡೆಗಾನಿಸಿ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. "ಬಜಾರ ತುಂಬ ನಗ್ಲಾಕತ್ತಾರೋ ಅಣ್ಣಾ," ಎಂದರು ಅತ್ತೆ.

ಅಪ್ಪ ನನ್ನನ್ನು ಹತ್ತಿರ ಕರೆದರು. "ಅತ್ತೀಯೇನವ್ವಾ?"

"ಇಲ್ಲಪ್ಪಾ. ಚೀರೀನಿ." ಆಮೇಲೆ ಸೂಜಿಯ ಕತೆಯನ್ನೆಲ್ಲ ಹೇಳಿದೆ. ಅತ್ತೆ "ತಿಗಣಿ ಅಲ್ಲೇನು!" ಎಂದು ಬಾಯಿಯ ಮೇಲೆ ಸೆರಗು ಒತ್ತಿಕೊಂಡರು.

ಅಪ್ಪ ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟರು. "ನಿಮ್ಮವ್ವಗ ನಾ ಮಾತು ಕೊಟ್ಟದ್ದು ಅತ್ತರ ಅಂತ," ಎಂದರು. "ಚೀರಿದ್ರ ಅಂತ ಅಲ್ಲ." ಊಟ ಮುಗಿಸಿ ಒಬ್ಬರೇ ಊರಿಗೆ ಹೊರಟರು.

ಮರುದಿನ ಗಾಡಿಯಲ್ಲಿ ಗೆಳತಿ ನನ್ನ ಕಿವಿಯ ಬಳಿ ಬಾಗಿದಳು. ಅವಳ ಮುಖ ಸಣ್ಣಗಾಗಿತ್ತು. "ಒಂದೇ ದನಿ ಕೇಳ್ತಂತಲ್ಲ. ನಂದು ಹೊರಗ ಬರಲೇ ಇಲ್ಲೇನು?"

ಬಂದಿರಲಿಲ್ಲ. ಅವಳು ಬಾಯಿ ತೆರೆದದ್ದನ್ನಷ್ಟೇ ನಾನು ಕಂಡಿದ್ದೆ. ಕೈ ಹಿಡಿದ ಬಿಗಿಗೆ ಅವಳ ಎರಡು ಬಳೆ ಮಾತ್ರ ಒಡೆದಿದ್ದವು.

"ಬಂತಕ್ಕಾ. ನನ್ನ ಕಿವಿ ಹರದು ಹೋಗೂ ಹಂಗ ಬಂತು," ಎಂದೆ.

"ಸಚ್?"

"ಹೌ," ಎಂದೆ, ಅವಳು ಹೌದು ಎನ್ನುವ ಹಾಗೆಯೇ.

ಅವಳು ಬೆನ್ನು ನೆಟ್ಟಗೆ ಮಾಡಿ, ಎದುರಿನ ಖಾಲಿ ಜಾಗಕ್ಕೆ ಎರಡೂ ಕಾಲು ಚಾಚಿ ಕೂತಳು. ನಾನೂ ಚಾಚಿದೆ. ನನ್ನ ಕಾಲು ಅಲ್ಲಿಯವರೆಗೆ ಮುಟ್ಟಲಿಲ್ಲ.