ಸದಾಫುಲಿ ಎಲೆಯ ಕಷಾಯ

ಅಣ್ಣನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇದೆ ಎಂದು ಗೊತ್ತಾದ ವಾರ, ಸಯನ್‌ನಲ್ಲಿದ್ದ ಅವನ ಮನೆಯಲ್ಲಿ ಕೂತು ನಾನೊಂದು ಭಾಷಣ ಬಿಗಿದೆ. ಗಿಡಗಳ ಸಾರ ತೆಗೆದು, ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಅಂಶವಿದೆಯೇ ಎಂದು ಹುಡುಕುವುದು ಅಂಧೇರಿಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮನೆಯವರಾರೂ ಅದರ ಬಗ್ಗೆ ಯಾವತ್ತೂ ಕೇಳಿದವರಲ್ಲ. ಅವತ್ತು ಕೇಳುವವರು ಸಿಕ್ಕಿದ್ದರು. ಡಾಕ್ಟರ ಚೀಟಿಯಲ್ಲಿದ್ದ ಒಂದು ಔಷಧದ ಹೆಸರಿನ ಮೇಲೆ ಬೆರಳಿಟ್ಟು, "ಇದು ಎಲ್ಲಿಂದ ಬರ್ತದ ಗೊತ್ತದ ಏನ್ರಿ ವೈನಿ? ನಿಮ್ಮ ಗ್ಯಾಲರಿಯೊಳಗಿನ ಸದಾಫುಲಿ ಗಿಡದಿಂದ" ಅಂದೆ. ನಿತ್ಯಪುಷ್ಪಕ್ಕೆ ಇಲ್ಲಿ ಮರಾಠಿಯಲ್ಲಿ ಹಾಗನ್ನುತ್ತಾರೆ.

ವೈನಿ, ಅಂದರೆ ಅಣ್ಣನ ಹೆಂಡತಿ, ಧಾರವಾಡದ ಕಡೆಯವರು. ನನಗೂ ಅವರಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ಮದುವೆಯಾಗದೆ ಒಬ್ಬಳೇ ಇರುವುದು ಅವರಿಗೆ ಸೇರುತ್ತಿರಲಿಲ್ಲ. ಅಣ್ಣನ ಬಾಯಿ ಮುಚ್ಚಿಸುವ ಅವರ ರೀತಿ ನನಗೆ ಸೇರುತ್ತಿರಲಿಲ್ಲ. ಅವತ್ತು ಅವರು ಎದ್ದು ಹೋಗಿ ಬಾಲ್ಕನಿಯ ಕುಂಡಗಳ ಮುಂದೆ ನಿಂತರು. ಗೆದ್ದೆ ಅಂದುಕೊಂಡೆ.

ಎರಡನೆಯ ಕೀಮೋ ಆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಬಾತ್‌ರೂಮಿನಲ್ಲಿ ಬಿದ್ದ. ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅವನಿಗೆ ಸಲೈನ್ ಹಾಕಿದ್ದರು. ಬಿ.ಪಿ.ಯೂ ಸಕ್ಕರೆಯೂ ಇಳಿದುಬಿಟ್ಟಿದ್ದವು. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಹೌದು, ದಿನಾ ಬೆಳಿಗ್ಗೆ ಒಂದು ಹಿಡಿ ಸದಾಫುಲಿ ಎಲೆಯ ಕಷಾಯ ಎಂದರು ವೈನಿ. ನನ್ನ ಕಡೆ ಕೈ ತೋರಿಸಿ, ಇವರ ತಂಗಿ ಸೈಂಟಿಸ್ಟು, ಇವಳೇ ಹೇಳಿದ್ದು ಎಂದೂ ಸೇರಿಸಿದರು. ಡಾಕ್ಟರು ನನ್ನನ್ನು ನೋಡಿದ ನೋಟ ಇನ್ನೂ ಮೈಮೇಲಿದೆ.

ಅವರು ಅತ್ತ ಹೋದದ್ದೇ ನಾನು ವೈನಿಯ ಮೇಲೆ ಬಿದ್ದೆ. "ಎಲಿ ಕುದಿಸಿ ಕುಡಸ್ರಿ ಅಂತ ನಾ ಹೇಳಿದ್ನೇನು?"

"ಔಷಧ ಅದರಾಗಿಂದನ ಬರ್ತದ ಅಂದಿದ್ದಿ."

"ಚೀಲಗಟ್ಟಲೆ ಎಲಿಯಿಂದ ಚಿಟಿಕಿಯಷ್ಟು ಬರ್ತದ. ಅದನ್ನ ಶುದ್ಧ ಮಾಡಿ, ಅಳದು, ನರದಾಗ ಕೊಡ್ತಾರ. ಹಸೀ ಎಲಿಯೊಳಗ ಬಿ.ಪಿ., ಸಕ್ಕರಿ ಇಳಸೂ ವಿಷಾನೂ ಇರ್ತದ. ಅಷ್ಟೂ ತಿಳಿಯಂಗಿಲ್ಲೇನು ನಿಮಗ?"

"ತಿಳಿಯೂ ಹಂಗ ನೀ ಹೇಳಬೇಕಿತ್ತು. ಶಾಣ್ಯಾತನ ತೋರಸಾಕ ಬಂದಿ, ಅರ್ಧಾ ಹೇಳಿ ಎದ್ದು ಹೋದಿ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಹನ್ನೊಂದ ವರ್ಷಾತು ಎಲಿ ಅರ್ಯಾಕತ್ತಿ. ಇಲ್ಲೀ ತನಕಾ ಯಾರನ್ನ ಉಳಿಸೀದಿ?"

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವುದು ದೊಡ್ಡ ಮಾತಲ್ಲ, ಫಿನೈಲ್ ಸುರಿದರೂ ಸಾಯುತ್ತವೆ. ಆರೋಗ್ಯವಂತ ಕೋಶಗಳನ್ನು ಬಿಟ್ಟು ಅವನ್ನಷ್ಟೇ ಕೊಲ್ಲುವುದು ಕಷ್ಟ. ನಾನು ಬೇರ್ಪಡಿಸಿದ ಒಂದೇ ಒಂದು ಅಂಶವೂ ಇಲಿಗಳನ್ನು ದಾಟಿ ಮನುಷ್ಯರವರೆಗೆ ಬಂದಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, "ನಿಮ್ಮ ಕೈಯಾಗ ಬಿಟ್ರ ಅಣ್ಣ ಉಳಿಯಂಗಿಲ್ಲ" ಅಂದುಬಿಟ್ಟೆ. ವಾರ್ಡಿನ ಸಿಸ್ಟರ್ ಬಂದು ಇಬ್ಬರನ್ನೂ ಹೊರಗೆ ಕಳಿಸಿದಳು.

ಮಾರನೆಯ ದಿನ ಅವರ ಮನೆಗೇ ಹೋಗಿ ಗ್ಯಾಲರಿಯ ಗಿಡಗಳನ್ನು ಒಂದೊಂದಾಗಿ ಕಿತ್ತು ಕಸದ ಚೀಲಕ್ಕೆ ತುಂಬಿದೆ. ವೈನಿ ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ. ಸಿಟ್ಟಿನಲ್ಲಿ ಒಂದು ಕುಂಡವನ್ನೂ ಎತ್ತಿದಾಗ ಮಾತ್ರ, "ಕುಂಡ ನಂದು. ಇಟ್ಟು ಹೋಗು" ಅಂದರು. ನಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು.

ಮೂರನೆಯ ಕೀಮೋ ಎರಡು ವಾರ ಮುಂದೆ ಹೋಯಿತು. ಉಳಿದವು ಸಮಯಕ್ಕೆ ಸರಿಯಾಗಿ ನಡೆದವು. ಕೊನೆಯ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ.

ತಲೆಯ ಮೇಲೆ ಕೂದಲು ಚಿಗುರಿದ ಮೇಲೆ ಅಣ್ಣ ಒಂದು ಸಂಜೆ ನನ್ನನ್ನು ಮಾಟುಂಗಾದ ಉದ್ಯಾನಕ್ಕೆ ಕರೆದ. ಬೆಂಚಿನ ಮೇಲೆ ಕೂತು, "ಎಲಿ ಕುಡೀಬಾರದು ಅಂತ ನನಗ ಮೊದಲಿಂದನ ತಿಳಿದಿತ್ತು" ಅಂದ.

"ಮತ್ತ ಯಾಕ ಕುಡದಿ?"

"ಆಕಿ ದಿನಾ ಐದಕ್ಕ ಎದ್ದು ಕುದಸ್ತಿದ್ಲು. ಬ್ಯಾಡ ಅಂದ್ರ ಆಕೀಗ ಮಾಡಾಕ ಏನೂ ಉಳೀತಿರಲಿಲ್ಲ."

ನಾವಿಬ್ಬರೂ ಆಸ್ಪತ್ರೆಯಲ್ಲಿ ಕಚ್ಚಾಡುತ್ತಿದ್ದಾಗ ಪರದೆಯಾಚೆ ಅವನಿಗೆ ಎಚ್ಚರವಿತ್ತು. ಎಲ್ಲ ಕೇಳಿಸಿತ್ತಂತೆ. ಅವತ್ತು ನಡುವೆ ಒಂದು ಮಾತೂ ಆಡದವನು ಈಗ ಅದನ್ನು ಹೇಳುತ್ತಾ ನಗುತ್ತಿದ್ದ. ವೈನಿಯ ಮೇಲೂ ಬರದಿದ್ದಷ್ಟು ಸಿಟ್ಟು ನನಗೆ ಆ ನಗುವಿನ ಮೇಲೆ ಬಂತು. ಅವನನ್ನು ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದೆ.

ಆ ವಾರ ಅವನ ಎರಡು ಫೋನ್ ಬಂದವು, ಎತ್ತಲಿಲ್ಲ. ಮೂರನೆಯದು ವೈನಿಯದು, ಕುಂಡದ ಮಾತಾದ ಮೇಲೆ ಮೊದಲ ಸಲ. ಅದನ್ನೂ ಎತ್ತಲಿಲ್ಲ.